ದೇವರ ದುಡ್ಡು ತೊಳೆದ ದಿನ

ನಾಣ್ಯ ಪ್ರದರ್ಶನಕ್ಕೆ ಹೋಗಿ ಬಂದ ದಿನ, ಸಾಬೂನು ಹಚ್ಚಿ ಕೈ ತೊಳೆಯುವವರೆಗೆ ನನ್ನ ಹೆಂಡತಿ ನನ್ನನ್ನು ಅಡುಗೆಮನೆಯೊಳಗೆ ಬಿಡುತ್ತಿರಲಿಲ್ಲ. ಅವಳದೇನೂ ತಪ್ಪಿಲ್ಲ. ದಿನವಿಡೀ ತಾಮ್ರದ ಬಿಲ್ಲೆಗಳನ್ನು ಮುಟ್ಟಿದ ಬೆರಳುಗಳಿಗೆ ಒಂದು ಬಗೆಯ ಕಮಟು ವಾಸನೆ ಅಂಟಿಕೊಳ್ಳುತ್ತದೆ. ಅದು ಬರೀ ಲೋಹದ್ದಲ್ಲ, ನನಗಿಂತ ಮೊದಲು ಅದನ್ನು ಹಿಡಿದವರ ಬೆವರಿನದೂ ಹೌದು. ಒಂದು ಕಾಲಕ್ಕೆ ಆ ವಾಸನೆ ನನಗೆ ಹಿತವಾಗಿತ್ತು. ಈಗ ಇಲ್ಲ.

ನಮ್ಮದು ಇಚಲಕರಂಜಿಯಲ್ಲಿ ನೂಲಿನ ವ್ಯಾಪಾರ. ಉದಗಾಂವದ ಹೊಲವನ್ನು ತಮ್ಮಂದಿರಿಗೆ ಬಿಟ್ಟು ಅಜ್ಜ ಇಲ್ಲಿ ಬಂದು ಅಂಗಡಿ ಹಾಕಿದರು. ಅಂದಿನಿಂದ ನಾವು ಪಕ್ಕದ ಶಹಾಪುರದ ಮಗ್ಗದ ಶೆಡ್ಡುಗಳಿಗೆ ನೂಲು ಕೊಡುತ್ತ ಬಂದವರು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ. ದಿನವೆಲ್ಲ ಮಗ್ಗಗಳ ಖಟಖಟದಲ್ಲಿ ಕಳೆಯುವ ನನಗೆ ರವಿವಾರ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಹಳೆಯ ನಾಣ್ಯಗಳನ್ನು ನೋಡುತ್ತ ಕೂಡುವುದೇ ದೊಡ್ಡ ಸುಖವಾಗಿತ್ತು. ಅದರಲ್ಲೂ ಶಿವರಾಯಿ ಎನ್ನುವ ಮರಾಠರ ಕಾಲದ ತಾಮ್ರದ ಬಿಲ್ಲೆಗಳೆಂದರೆ ಪ್ರಾಣ. ತಲೆಮಾರುಗಟ್ಟಲೆ ಕೈಯಿಂದ ಕೈಗೆ ಹೋದ ತಾಮ್ರದ ಮೇಲೆ ಕಪ್ಪು, ಕಂದು, ಹಸಿರು ಬೆರೆತ ಒಂದು ಪೊರೆ ಕೂಡುತ್ತದೆ. ಅದನ್ನು ಮಾಡಲು ಯಾರಿಗೂ ಬರುವುದಿಲ್ಲ, ಕಾಲವೇ ಮಾಡಬೇಕು. ತೆಗೆಯಲು ಮಾತ್ರ ಎಲ್ಲರಿಗೂ ಬರುತ್ತದೆ.

ಕೊಲ್ಲಾಪುರದಲ್ಲಿ ವರ್ಷಕ್ಕೊಮ್ಮೆ, ಯಾವುದಾದರೂ ಮಂಗಲ ಕಾರ್ಯಾಲಯ ಖಾಲಿ ಇರುವ ದಿನ ನೋಡಿ ಪ್ರದರ್ಶನ ನಡೆಯುತ್ತದೆ. ಹಿಂದಿನ ದಿನದ ಮದುವೆಯ ಹೂವು ಮೂಲೆಯಲ್ಲಿ ಕೊಳೆಯುತ್ತಿರುತ್ತದೆ. ಸಾಲಾಗಿ ಟೇಬಲ್ಲು, ಅದರ ಮೇಲೆ ನಾಣ್ಯದ ತಟ್ಟೆ, ಹಿಂದೆ ವ್ಯಾಪಾರಿಗಳು. ಮೊಬೈಲಿನಲ್ಲಿ ಏನೋ ನೋಡಿ, ಮೊನ್ನೆ ಮೊನ್ನೆಯ ಐದು ರೂಪಾಯಿ ನಾಣ್ಯಕ್ಕೆ ಲಕ್ಷ ಸಿಗುತ್ತದೆಂದು ಹಿಡಿದು ಬರುವವರು ಒಂದು ಕಡೆ. ಅಕ್ಕಿಕಾಳನ್ನು ತನ್ನತ್ತ ಎಳೆಯುವ ತಾಮ್ರದ ಬಿಲ್ಲೆ ಇದೆ, ಮನೆಯಲ್ಲಿಟ್ಟರೆ ಸಿರಿ ಬರುತ್ತದೆ ಎಂದು ಕಿವಿಯಲ್ಲಿ ಪಿಸುಗುಡುವ ಕಳ್ಳರು ಇನ್ನೊಂದು ಕಡೆ. ನಾನು ಮೊದಲ ಸಲ ಹೋದಾಗ ಗುಟ್ಕಾ ಅಗಿಯುತ್ತಿದ್ದ ವ್ಯಾಪಾರಿಯೊಬ್ಬ ಹೆಬ್ಬೆರಳಿಗೆ ಉಗುಳು ಹಚ್ಚಿಕೊಂಡು ನಾಣ್ಯವನ್ನು ಉಜ್ಜಿ, “ಬಘಾ ಶೇಟ್, ಅಕ್ಷರಂ ಕಶೀ ಉಠಲೀ!” ಎಂದು ಆ ಕೆಂಪು ಜೊಲ್ಲಿನ ಸಮೇತ ನನ್ನ ಅಂಗೈಯಲ್ಲಿಟ್ಟ. ಅವನು ಹೇಳಿದಂತೆ ಅಕ್ಷರಗಳೇನೋ ಎದ್ದು ಕಂಡವು. ನಾನು ಅಂಗೈಯನ್ನು ಹಾಗೇ ದೂರಕ್ಕೆ ಚಾಚಿಕೊಂಡು ನಿಂತೆ.

ಆಗ ಪಕ್ಕದಲ್ಲಿ ನಿಂತವರೊಬ್ಬರು ಕಿಸೆಯಿಂದ ಕಾಗದದ ಕರವಸ್ತ್ರ ತೆಗೆದು ಕೊಟ್ಟು, “ಒರಿಸಿಕೊಳ್ರಿ, ಇವರೆಲ್ಲ ಹಿಂಗ” ಎಂದರು. ಕೊಲ್ಲಾಪುರದಲ್ಲಿ ದವಾಖಾನೆ ಇಟ್ಟಿದ್ದ ಹಲ್ಲಿನ ಡಾಕ್ಟರು ಅವರು. ತಾಯಿ ನಿಪ್ಪಾಣಿ ಕಡೆಯವರಾದ್ದರಿಂದ ಕನ್ನಡ ಬರುತ್ತಿತ್ತು. ಬಿಳಿ ಅಂಗಿ, ಒಪ್ಪವಾಗಿ ಕತ್ತರಿಸಿದ ಉಗುರು, ಮೆತ್ತನೆಯ ಮಾತು. ಆ ಹೊಲಸಿನ ನಡುವೆ ಅವರೊಬ್ಬರೇ ತೊಳೆದಿಟ್ಟಂತೆ ಕಂಡರು. ಅಂದಿನಿಂದ ನಾವು ಗೆಳೆಯರು. ಎಲ್ಲಿ ಪ್ರದರ್ಶನವಾದರೂ ಅವರ ಕಾರಿನಲ್ಲಿ ಕೂಡಿಯೇ ಹೋಗುತ್ತಿದ್ದೆವು. ಅವರ ಮಗಳ ಮದುವೆಯಲ್ಲಿ ನಾನು ಪಂಕ್ತಿಯಲ್ಲಿ ನಿಂತು ಬಡಿಸಿದ್ದೇನೆ.

ಕೆಲವು ವರ್ಷಗಳ ಹಿಂದೆ ಗಡಹಿಂಗ್ಲಜದಲ್ಲೂ ಇಂಥ ಪ್ರದರ್ಶನವೊಂದನ್ನು ಇಟ್ಟರು. ಡಾಕ್ಟರೂ ನಾನೂ ಸೇರಿ ಒಂದು ಟೇಬಲ್ಲು ಹಿಡಿದೆವು. ಬೆಳಿಗ್ಗೆ ಜನ ಇನ್ನೂ ಕೂಡಿರಲಿಲ್ಲ. ಹಳ್ಳಿಯ ಕಡೆಯವನೊಬ್ಬ, ಮೂವತ್ತರ ಆಸುಪಾಸಿನವನು, ಅತ್ತಿತ್ತ ನೋಡುತ್ತ ಬಂದು ಕರಿಕಂಬಳಿಯ ತುಂಡಿನಿಂದ ಹೊಲಿದ ಒಂದು ಪುಟ್ಟ ಚೀಲವನ್ನು ನಮ್ಮ ಮುಂದೆ ಬಿಚ್ಚಿದ. ಒಳಗೆ ಐದಾರು ಶಿವರಾಯಿ. ಒಂದೊಂದರ ಮೇಲೂ ಅರಿಸಿನ ಗಟ್ಟಿಯಾಗಿ ಕೂತಿತ್ತು. ಅಕ್ಷರಗಳ ಸಂದಿಯಲ್ಲೆಲ್ಲ ಹಳದಿ, ಅದರ ಮೇಲೆ ಎಣ್ಣೆ, ಹೊಗೆ, ಮತ್ತೆ ಹಳದಿ. ನೋಡಿದೊಡನೆ ತಿಳಿಯಿತು. ಈ ಭಾಗದಲ್ಲಿ ಕುರಿ ಸಾಕುವ ಮನೆತನಗಳು ಬೀರದೇವರ ಹೆಸರಿನಲ್ಲಿ ಹಳೆಯ ದುಡ್ಡನ್ನು ದೇವರಮನೆಯ ಜಗಲಿಯ ಮೇಲಿಟ್ಟು ಭಂಡಾರ ಹಚ್ಚಿ ಪೂಜಿಸುತ್ತಾರೆ. ಭಂಡಾರವೆಂದರೆ ದೇವರ ಅರಿಸಿನ.

“ಇವು ದೇವರವು ಅಲ್ಲೇನಪಾ?” ಎಂದೆ.

“ಇಲ್ರಿ, ಹಳೇ ಮನಿ ಕೆಡವಿದಾಗ ಗ್ವಾಡ್ಯಾಗ ಸಿಕ್ಕಾವು” ಎಂದ. ಅವನ ಕಣ್ಣು ನೆಲದ ಮೇಲಿತ್ತು. ಬೆಳಗಿನ ಹೊತ್ತಿಗೇ ಬಾಯಿ ಹೆಂಡದ ನಾತ ಹೊಡೆಯುತ್ತಿತ್ತು.

“ಬ್ಯಾಡ್ರಿ ಡಾಕ್ಟರ. ಗ್ವಾಡ್ಯಾಗ ಸಿಕ್ಕಿದ್ದಕ್ಕ ಭಂಡಾರ ಹೆಂಗ ಹತ್ತತೈತಿ?” ಎಂದು ನಾನು ಹೇಳಿದೆ.

ಡಾಕ್ಟರು ನಕ್ಕರು. “ದೇವರು ತಾನಾಗೇ ನಡಕೊಂಡ ಬಂದಾನ. ಬ್ಯಾಡ ಅಂದ್ರ ಪಾಪ ಬರತೈತಿ, ಶೇಟ್.” ಅವನು ಕೇಳಿದ್ದನ್ನು ಕೊಟ್ಟು ತೆಗೆದುಕೊಂಡುಬಿಟ್ಟರು. ಅವನು ಹಿಂದೆ ನೋಡದೆ ಹೋದ. ಬಿಲ್ಲೆಗಳನ್ನು ಡಬ್ಬಿಗೆ ಸುರಿದುಕೊಂಡು ಚೀಲವನ್ನು ಟೇಬಲ್ಲಿನ ಕೆಳಗಿನ ಕಸದ ಬುಟ್ಟಿಗೆ ಎಸೆದರು.

ನನಗೆ ಮುನಿಸು ಬಂದಿತ್ತು, ಆದರೆ ಗೆಳೆಯರಲ್ಲವೇ, ನನ್ನ ತಟ್ಟೆಗಳನ್ನು ಜೋಡಿಸತೊಡಗಿದೆ. ಸ್ವಲ್ಪ ಹೊತ್ತಿಗೆ ಅವರು ಕೈಚೀಲ ಹಿಡಿದು ಎದ್ದು ಹೋದರು. ನಾನು ಮಿಸಳ ತಿಂದು ಕೈ ತೊಳೆಯಲು ಕಾರ್ಯಾಲಯದ ಹಿಂದಿನ ಬಚ್ಚಲು ಮೋರಿಯ ಕಡೆ ಹೋದರೆ ಅಲ್ಲಿದ್ದರು. ದವಾಖಾನೆಯ ರಬ್ಬರಿನ ಕೈಗವಸು ಹಾಕಿಕೊಂಡು, ಪ್ಲಾಸ್ಟಿಕ್ ಲೋಟದಲ್ಲಿ ಎಂಥದೋ ಆ್ಯಸಿಡ್ ಸುರಿದು, ಬಿಲ್ಲೆಗಳನ್ನು ಅದರಲ್ಲಿ ಮುಳುಗಿಸಿದ್ದರು. ಮೂಗಿಗೆ ಹೊಡೆಯುವ ಘಾಟು. ಲೋಟದ ಮೇಲೆ ಹಳದಿ ನೊರೆ, ಕೆಳಗೆ ಹಸಿರು ನೀರು. ಹಲ್ಲಿನ ಪಾಚಿ ಕೆರೆಯುವ ಕೊಕ್ಕೆಯಿಂದ ಒಂದು ಬಿಲ್ಲೆಯ ಅಕ್ಷರಗಳ ಸಂದಿಯನ್ನು ಕೆರೆಯುತ್ತಿದ್ದರು. ಆ ಕಿರ್ ಕಿರ್ ಸದ್ದಿಗೆ ನನ್ನ ಹಲ್ಲುಗಳೇ ಜುಮ್ಮೆಂದವು.

“ಏನ್ ಮಾಡಾಕತ್ತೀರಿ ಡಾಕ್ಟರ?”

“ಸ್ವಚ್ಛ ಮಾಡಾಕತ್ತೇನಿ. ಮುದುಕಿ ಬಾಯಿದ್ದಂಗ ಇದ್ವು. ಈಗ ನೋಡ್ರಿ, ಕೂಸಿನ ಹಲ್ಲ!”

ಅಂಗೈ ಚಾಚಿ ತೋರಿಸಿದರು. ಬಿಲ್ಲೆ ಆಗಷ್ಟೇ ಹುಟ್ಟಿದ ಇಲಿಮರಿಯ ಹಾಗೆ ಬೆತ್ತಲೆ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಎಷ್ಟೋ ತಲೆಮಾರಿನವರು ಹಬ್ಬ ಹುಣ್ಣಿಮೆಗೆ ಹಚ್ಚಿದ ಅರಿಸಿನ, ಮೋರಿಯಲ್ಲಿ ಬಿದ್ದಿದ್ದ ಅನ್ನದ ಅಗುಳು, ಯಾರೋ ಉಗುಳಿದ ಕಫದ ನಡುವೆ ಸುತ್ತಿ ಸುತ್ತಿ ತೂತಿಗೆ ಇಳಿಯುತ್ತಿತ್ತು. ಕೈ ತೊಳೆಯದೆಯೇ ಅಲ್ಲಿಂದ ಬಂದುಬಿಟ್ಟೆ.

ಮಧ್ಯಾಹ್ನ ಒಬ್ಬ ಹೆಣ್ಣುಮಗಳು ಬಂದಳು. ನಡುವಯಸ್ಸು, ತಲೆತುಂಬ ಸೆರಗು, ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು. ಟೇಬಲ್ಲಿನಿಂದ ಟೇಬಲ್ಲಿಗೆ ಹೋಗಿ ಕನ್ನಡದಲ್ಲಿ ಏನೋ ಕೇಳುತ್ತಿದ್ದಳು. ಮರಾಠಿ ವ್ಯಾಪಾರಿಗಳು ಭಿಕ್ಷೆ ಬೇಡುವವಳೆಂದು ತಿಳಿದು, “ಪುಢೇ ಜಾ, ಪುಢೇ ಜಾ” ಎಂದು ಮುಂದಕ್ಕೆ ಕೈಯಾಡಿಸುತ್ತಿದ್ದರು. ಒಬ್ಬ ಅವಳ ಮುಂದೆಯೇ ಮೂಗು ಮುಚ್ಚಿಕೊಂಡ. ಅವಳ ಸೀರೆಗೆ ಕುರಿಯ ವಾಸನೆ ಇತ್ತು, ನಿಜ. ಆದರೆ ಆ ಕಾರ್ಯಾಲಯದಲ್ಲಿ ಅದಕ್ಕಿಂತ ಕೆಟ್ಟ ನಾತ ಬೇಕಾದಷ್ಟಿತ್ತು.

ನಾನು ಎದ್ದು ಹೋಗಿ, “ಏನಬೇಕಾಗಿತ್ತವಾ?” ಎಂದೆ.

ಕನ್ನಡ ಕೇಳಿ ಅವಳಿಗೆ ಜೀವ ಬಂದಂತಾಯಿತು. “ಯಣ್ಣಾ, ನನ್ನ ಮೈದುನ ಬಂದಿದ್ದನೇನ್ರಿ ಇಲ್ಲೆ? ಜಗಲಿ ಮ್ಯಾಲಿನ ದೇವರ ದುಡ್ಡ ಎತ್ಕೊಂಡ ಬಂದಾನ್ರಿ. ಬಸ್ಸಿನ್ಯಾಗ ಅವನ್ನ ನೋಡಿದವರು ಹೇಳ್ಯಾರ. ನಮ್ಮ ಮಾವನ ಅಪ್ಪನ ಕಾಲದಿಂದ ಬಂದ ದೇವರ್ರಿ ಅಂವ. ಮನ್ಯಾಗ ಯಾರೂ ಮುಂಜಾನಿಂದ ಒಂದ ತುತ್ತ ಉಂಡಿಲ್ರಿ” ಎಂದು ತನ್ನ ಊರಿನ ಹೆಸರು ಹೇಳಿದಳು. ಗಡಿಗೆ ಹತ್ತಿದ ಊರು ಅದು.

ಅವಳನ್ನು ನಮ್ಮ ಟೇಬಲ್ಲಿಗೆ ಕರೆತಂದು ಡಾಕ್ಟರಿಗೆ ವಿಷಯ ಹೇಳಿದೆ. ಅವರು ತಲೆ ಎತ್ತದೆ, ಕನ್ನಡ ಬಾರದವರಂತೆ ಮರಾಠಿಯಲ್ಲಿ, “ಮೀ ಕಾಹೀ ಘೇತಲಂ ನಾಹೀ” ಎಂದರು. ನಾನೇನೂ ತೆಗೆದುಕೊಂಡಿಲ್ಲ ಎಂದು, ನನ್ನ ಮುಂದೆಯೇ!

“ತಗೊಂಡಾರವಾ ಇವರು. ನಾ ಇಲ್ಲೇ ಇದ್ದೆ, ನೋಡೇನಿ” ಎಂದೆ. ಬೇಕೆಂದೇ ಗಟ್ಟಿಯಾಗಿ ಹೇಳಿದೆ. ಆಚೀಚೆ ಟೇಬಲ್ಲಿನವರು ತಿರುಗಿ ನೋಡಿದರು.

ಡಾಕ್ಟರ ಮುಖ ಬಿಗಿಯಿತು. ಡಬ್ಬಿ ತೆಗೆದು ಬಿಲ್ಲೆಗಳನ್ನು ಅವಳ ಮುಂದೆ ಸುರಿದರು. “ತಗೋ, ಒಯ್ಯಿ!”

ಅವಳು ಸೆರಗಿನಿಂದ ಕೈ ಒರೆಸಿಕೊಂಡು ಬಗ್ಗಿ ನೋಡಿದಳು. ಒಂದನ್ನೂ ಮುಟ್ಟಲಿಲ್ಲ. “ಇವಲ್ರಿ” ಎಂದಳು.

“ಇವ ಅದಾವ ತಂಗೀ. ತೊಳದಾರ, ಅದಕ್ಕ ಹಿಂಗ ಕಾಣಾಕತ್ತಾವು” ಎಂದೆ ನಾನು.

“ನಮ್ಮ ದೇವರು ಕರ್ರಗ, ಹಳದಿ ಅದಾನ್ರಿ. ಕಣ್ಣ ಮುಚ್ಚಿ ಮುಟ್ಟಿದ್ರೂ ನನಗ ಗುರ್ತ ಹತ್ತತೈತಿ. ಇವು ಬಜಾರದಾಗಿನ ಬಿಲ್ಲಿ.”

ನನಗೆ ಕಂಬಳಿಯ ಚೀಲ ನೆನಪಾಯಿತು. ಬಗ್ಗಿ ಕಸದ ಬುಟ್ಟಿಗೆ ಕೈ ಹಾಕಿದೆ. ಚಹಾದ ಎಂಜಲು ಲೋಟ, ಬಾಳೆಹಣ್ಣಿನ ಸಿಪ್ಪೆ, ಗುಟ್ಕಾದ ಪಾಕೀಟು, ಯಾರೋ ಮೂಗು ಒರೆಸಿ ಎಸೆದ ಕಾಗದ, ಎಲ್ಲದರ ಕೆಳಗೆ ಅದು ಒದ್ದೆಯಾಗಿ ಸಿಕ್ಕಿತು. ಕೊಡವಿ ಅವಳ ಕೈಗಿಟ್ಟೆ. ನೋಡಿದೊಡನೆ ಹಣೆಗೆ ಒತ್ತಿಕೊಂಡಳು. “ಇದು ನಮ್ಮದರಿ! ನಮ್ಮತ್ತಿ ಹೊಲದಿದ್ದು.” ಆಮೇಲೆ ಚೀಲದೊಳಗೆ ಬೆರಳಾಡಿಸಿ, ಖಾಲಿ ಎಂದು ತಿಳಿದು, ನನ್ನ ಮುಖ ನೋಡಿದಳು. ಆ ನೋಟ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. “ಚೀಲ ಕೊಟ್ಟು ದೇವರನ್ನ ಬದಲಿ ಮಾಡಿದ್ರೇನ್ರಿ? ನೀವೂ ಇವರ ಪೈಕಿನ ಏನು?”

ನಾನು ಎಷ್ಟು ಆಣೆ ಮಾಡಿ ಹೇಳಿದರೂ ನಂಬಲಿಲ್ಲ. ಯಾಕೆ ನಂಬಬೇಕು? ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನೆಲಕ್ಕೆ ಒಮ್ಮೆ ಉಗುಳಿ, ಹೊರಟುಹೋದಳು. ಮರೆಯಾದದ್ದೇ ತಡ, ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಮುಗೀತಲ್ಲ ಶೇಟ್! ನಾ ಕೊಟ್ಟೆ, ಆಕಿ ಒಲ್ಲೆ ಅಂದ್ಲು. ನನ್ನ ಮ್ಯಾಲೆ ಏನೂ ಉಳೀಲಿಲ್ಲ.” ಆ ನಗುವಿನಲ್ಲಿ ಅವರ ಬೆಳ್ಳಗಿನ ಹಲ್ಲಿನ ಸಾಲು ಪೂರ್ತಿ ಕಂಡಿತು. ಅಷ್ಟು ಅಸಹ್ಯವಾದದ್ದನ್ನು ನಾನು ಆ ಮೋರಿಯಲ್ಲೂ ನೋಡಿರಲಿಲ್ಲ. ನನ್ನ ತಟ್ಟೆಗಳನ್ನು ಕಟ್ಟಿಕೊಂಡು ಎಸ್‌ಟಿ ಸ್ಟ್ಯಾಂಡಿಗೆ ನಡೆದೆ. ಸಂಕೇಶ್ವರದಲ್ಲಿ ಬಸ್ಸು ಬದಲಿಸುವಾಗಲೂ ಅವರ ಫೋನು ಬರುತ್ತಿತ್ತು. ಎತ್ತಲಿಲ್ಲ.

ಮುಂದಿನ ಕೊಲ್ಲಾಪುರದ ಪ್ರದರ್ಶನದಲ್ಲಿ ಅದೇ ಬಿಲ್ಲೆಗಳು ನೀಲಿ ಮಖಮಲ್ಲಿನ ಮೇಲೆ, ಸಣ್ಣ ದೀಪದ ಕೆಳಗೆ ಫಳಫಳ ಹೊಳೆಯುತ್ತಿದ್ದವು. ಜನ ಮುಗಿಬಿದ್ದು ಫೋಟೊ ತೆಗೆಯುತ್ತಿದ್ದರು. ಸಂಜೆ ಡಾಕ್ಟರನ್ನು ವೇದಿಕೆಗೆ ಕರೆದು ಶಾಲು ಹೊದಿಸಿ, ನಮ್ಮ ಪರಂಪರೆಯನ್ನು ಕಾಪಾಡಿದವರು ಎಂದು ಹೊಗಳಿದರು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಈ ಬಿಲ್ಲೆಗಳು ಎಲ್ಲಿಂದ ಬಂದವು, ಅವುಗಳ ಮೇಲಿದ್ದದ್ದು ಎಲ್ಲಿ ಹೋಯಿತು ಎಂದು ಮರಾಠಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದೆ. ಸಂಘಟಕರು ಮೈಕು ಮುಚ್ಚಿ, “ಶೇಟ್, ನಂತರ ಬೋಲೂ” ಎಂದರು. ಆಮೇಲೆ ಮಾತಾಡೋಣ ಎಂದರೆ ಎಂದೂ ಮಾತಾಡುವುದಿಲ್ಲ ಎಂದೇ ಅರ್ಥ. ಹಿಂದಿನಿಂದ ಯಾರೋ, “ಹೊಟ್ಟಿಕಿಚ್ಚು, ಮತ್ತೇನ” ಎಂದರು. ಚಹಾ ಬಂತು, ಎಲ್ಲರೂ ಕುಡಿದರು. ನನಗೂ ಒಂದು ಲೋಟ ಕೊಟ್ಟರು. ಅದನ್ನು ಅಲ್ಲೇ ಇಟ್ಟು ಬಂದೆ.

ಆ ಹೆಂಗಸು ನನ್ನನ್ನು ಕಳ್ಳನೆಂದೇ ತಿಳಿದಿದ್ದಾಳೆ ಎಂಬುದು ಒಳಗೆ ಕೊರೆಯುತ್ತಲೇ ಇತ್ತು. ಒಂದು ದಿನ ನನ್ನ ಸಂಗ್ರಹದಲ್ಲಿ ಎಲ್ಲಕ್ಕಿಂತ ಕಪ್ಪಗಿದ್ದ, ಯಾರೂ ತೊಳೆಯದ ಶಿವರಾಯಿಗಳನ್ನು ಆರಿಸಿಕೊಂಡು ಅವಳ ಊರಿಗೆ ಹೋದೆ. ಕುರಿಹಟ್ಟಿಯ ಮಗ್ಗುಲಲ್ಲೇ ಮನೆ. ಅವಳು ಗುರುತು ಹಿಡಿದಳು. ಮೈದುನ ಎಲ್ಲವನ್ನೂ ಒಪ್ಪಿಕೊಂಡಿದ್ದನಂತೆ. ನಾನು ಸುಳ್ಳು ಹೇಳಿರಲಿಲ್ಲ ಎಂದು ಅವಳಿಗೆ ಆಗಲೇ ತಿಳಿದಿತ್ತು. “ತಪ್ಪು ಮಾತಾಡಿದೆ ಯಣ್ಣಾ, ಹೊಟ್ಯಾಗ ಹಾಕ್ಕೊಳ್ರಿ” ಎಂದು ಮಜ್ಜಿಗೆ ಕೊಟ್ಟಳು.

“ಅವನ್ನ ಹೆಂಗರ ಮಾಡಿ ತಂದು ಕೊಡ್ಲೇನವಾ?” ಎಂದು ಕೇಳಿದೆ.

“ಬ್ಯಾಡ್ರಿ. ಮೈ ಸುಲದ ದೇವರನ್ನ ಎಲ್ಲಿ ಇಡೂದು? ಪೂಜಾರಿ ಬಂದು ಹೊಸದಾಗಿ ಸ್ಥಾಪ್ನಾ ಮಾಡಿಕೊಡ್ತೇನಂದಾನ.”

ಆಗ ನಾನು ತಂದದ್ದನ್ನು ತೆಗೆದು ಅವಳ ಮುಂದಿಟ್ಟೆ. ಅವಳು ಒಂದನ್ನು ಎತ್ತಿ ಬೆಳಕಿಗೆ ಹಿಡಿದು, ಉಗುರಿನಿಂದ ಅಕ್ಷರದ ಸಂದಿಯನ್ನು ಮೆಲ್ಲಗೆ ಮುಟ್ಟಿದಳು. ಉಗುರಿಗೆ ಸ್ವಲ್ಪ ಹಳದಿ ಹತ್ತಿತು. ಸಾವಕಾಶ ಕೆಳಗಿಟ್ಟು ಕೈ ಮುಗಿದಳು.

“ಇದು ಯಾರ ಮನಿ ದೇವರೋ ಏನೋ. ಇದನ್ನೂ ಹಿಂಗ ಯಾರರ ಕದ್ದು ಮಾರಿರಬೇಕು. ಒಯ್ದು ಅವರದ ಅವರಿಗೆ ಕೊಡ್ರಿ ಯಣ್ಣಾ.”

ಬಿಲ್ಲೆಗಳನ್ನು ಒಂದೊಂದಾಗಿ ಎತ್ತಿ ಕಿಸೆಗೆ ಹಾಕಿಕೊಂಡು ಎದ್ದೆ.

ಮನೆಗೆ ಬಂದು ಕಪಾಟಿನ ತಟ್ಟೆಗಳನ್ನೆಲ್ಲ ಹೊರಗೆಳೆದು, ಭೂತಗಾಜು ಹಿಡಿದು ಒಂದೊಂದನ್ನೇ ನೋಡಿದೆ. ಪೊರೆ ಎಂದು ನಾನು ಪ್ರೀತಿಸಿದ್ದರಲ್ಲಿ ಎಷ್ಟೋ ಕಡೆ ಅರಿಸಿನವಿತ್ತು, ಕುಂಕುಮವಿತ್ತು, ಎಣ್ಣೆಯ ಜಿಡ್ಡಿತ್ತು. ಎಲ್ಲವೂ ವ್ಯಾಪಾರಿಗಳಿಂದ ರಸೀದಿ ಪಡೆದು ಕೊಂಡವೇ. ಆದರೂ ಯಾವ ಯಾವ ಮನೆಯ ಜಗಲಿ ಖಾಲಿಯಾಗಿ ಇವು ಇಲ್ಲಿಗೆ ಬಂದಿದ್ದವೋ! ಅಂಥವನ್ನೆಲ್ಲ ಬೇರೆ ತೆಗೆದು ಒಂದು ಡಬ್ಬಿಯಲ್ಲಿಟ್ಟಿದ್ದೇನೆ. ಯಾರಿಗೆ ಕೊಡಬೇಕೋ ಗೊತ್ತಿಲ್ಲ. ಮಾರಲು ಮನಸ್ಸಿಲ್ಲ, ನೋಡಲು ಮೊದಲಿನ ಆಸೆ ಇಲ್ಲ. ಮೊನ್ನೆ ಈ ವರ್ಷದ ಪ್ರದರ್ಶನಕ್ಕೆ ಟೇಬಲ್ಲು ಬೇಕೇನು ಎಂದು ಸಂಘಟಕರ ಫೋನು ಬಂತು. ಬೇಡ ಎಂದೆ. ಯಾಕೆಂದು ಅವರು ಕೇಳಲಿಲ್ಲ.