ನೀಲಿಯಾದ ಕೋಟುಗಳು

ಬೆಳಿಗ್ಗೆ ಬೇರೆ ಕೆಲಸಕ್ಕೆ ಕೈ ಹಚ್ಚುವ ಮೊದಲು ಅವಳು ಡಾಕ್ಟರರ ಪ್ರತಿ ಕೋಟಿನ ಜೇಬಿಗೂ ಕೈ ಹಾಕಿ, ಒಳಗಿನ ಬಟ್ಟೆಯನ್ನು ಹೊರಕ್ಕೆಳೆದು ನೋಡುತ್ತಿದ್ದಳು. ಆಸ್ಪತ್ರೆಯ ಬಟ್ಟೆ ಒಗೆಯುವ ಆ ನೆಲಮಾಳಿಗೆಯಲ್ಲಿ ಇದನ್ನು ಎಲ್ಲರೂ ಮಾಡಬೇಕಿತ್ತು. ತಪ್ಪದೆ ಮಾಡುತ್ತಿದ್ದವಳು ಅವಳೊಬ್ಬಳೇ. ಹೇರ್‌ಪಿನ್ನು, ಚಾಕೊಲೇಟ್ ಕಾಗದ, ಅರ್ಧ ಮಾತ್ರೆ ಸಿಗುತ್ತಿದ್ದವು. ಜೇಬು ಖಾಲಿಯಿದ್ದರೆ, ಆ ಕೋಟು ತೊಟ್ಟವರು ಯಾರೋ ಏನೋ, ಅವರಿಗಾಗಿ ಮನಸ್ಸಿನಲ್ಲೇ ಒಂದು ಪುಟ್ಟ ಪ್ರಾರ್ಥನೆ.

“ಗಂಡನ ಜೇಬು ತಡಕಿ ಪಳಗಿದ ಕೈ ಅದು,” ಎಂದು ಇಸ್ತ್ರಿಯವನು ರೇಗಿಸುತ್ತಿದ್ದ.

“ಅವರ ಜೇಬಲ್ಲಿ ತೂತು ಬಿಟ್ರೆ ಬೇರೇನೂ ಇರ್ತಿರಲಿಲ್ಲಪ್ಪ.”

ಗಂಡ ತೀರಿಕೊಂಡ ಮೇಲೆ ಈ ಕೆಲಸ ಕೊಡಿಸಿದವಳು ನಾದಿನಿ, ಅಲ್ಲಿನ ಮೇಲ್ವಿಚಾರಕಿ. ಅವಳು ಕರೆಯುವುದನ್ನು ಕೇಳಿ ಕೇಳಿ ಉಳಿದವರಿಗೂ ಇವಳು ಅತ್ತಿಗೆಯೇ ಆಗಿದ್ದಳು. “ನಾನಿಲ್ದಿದ್ರೆ ನೀವು ಬೀದಿಗೆ ಬೀಳ್ತಿದ್ರಿ ಅತ್ತಿಗೆ,” ಎಂದು ನಾದಿನಿ ನಾಲ್ಕು ಜನರ ಮುಂದೆಯೇ ಅನ್ನುವಳು. ಅತ್ತಿಗೆ ತಲೆಯಾಡಿಸುವಳು. ತಗ್ಗಿ ನಡೆಯುವವರು ದೇವರಿಗೆ ಹತ್ತಿರ ಎಂದು ಚಿಕ್ಕಂದಿನಿಂದ ಕೇಳಿ ಬೆಳೆದವಳು.

ಒಂದು ದಿನ ಅವಸರದಲ್ಲಿದ್ದ ನಾದಿನಿ, ಅತ್ತಿಗೆಯ ಕೈಯಿಂದ ಕೋಟುಗಳ ರಾಶಿಯನ್ನು ಕಿತ್ತುಕೊಂಡು ತಾನೇ ಯಂತ್ರಕ್ಕೆ ತುರುಕಿದಳು.

“ಜೇಬು ನೋಡಿಲ್ಲ ಕಣೆ.”

“ನಿಮ್ಮ ಜಪ ಮುಗಿಯೋದ್ರೊಳಗೆ ರೋಗಿಗಳೆಲ್ಲ ಮನೆ ಸೇರಿರ್ತಾರೆ.”

ಯಂತ್ರ ನಿಂತಾಗ ಬಿಳಿ ಕೋಟುಗಳೆಲ್ಲ ನೀಲಿ. ಯಾರದೋ ಜೇಬಿನಲ್ಲಿದ್ದ ಪೆನ್ನು ಒಳಗೇ ಒಡೆದಿತ್ತು. ಮೇಲಿನಿಂದ ಸಾಹೇಬರು ಇಳಿದು ಬಂದಾಗ ನಾದಿನಿ ನಿಟ್ಟುಸಿರು ಬಿಟ್ಟಳು. “ನಮ್ಮ ಅತ್ತಿಗೆ, ಸಾರ್. ಪಾಪ, ಕಣ್ಣು ಮಂಜು.”

ಅತ್ತಿಗೆ ಅದಕ್ಕೂ ತಲೆಯಾಡಿಸಿದಳು. ಬಿಸಿ ಬಟ್ಟೆ ಮಡಿಸುವ ಮೇಜಿನ ಜಾಗ ಹೋಗಿ, ಹೊಲಸು ಬಟ್ಟೆ ನೆನೆಸುವ ತೊಟ್ಟಿ ಅವಳ ಪಾಲಿಗೆ ಬಂತು. ಔಷಧಿ ನೀರಿಗೆ ಬೆರಳ ಸಂದುಗಳು ಬಿರಿದವು. ‘ನೀಲಿ ಅತ್ತಿಗೆ’ ಎಂಬ ಹೆಸರೂ ಬಿತ್ತು. ಜೇಬು ನೋಡುವುದನ್ನು ಮಾತ್ರ ಯಾರೂ ಕಿತ್ತುಕೊಳ್ಳಲಿಲ್ಲ. ಅದು ಯಾರಿಗೂ ಬೇಕಿರಲಿಲ್ಲ. ಈ ತೊಟ್ಟಿ, ಈ ಹೆಸರು, ಇದೂ ಒಂದು ಶಿಲುಬೆ, ಹೊರೋಣ ಎಂದುಕೊಂಡಳು.

ಹೀಗೆ ಎಷ್ಟೋ ಕಾಲ ನಡೆಯಿತು. ಒಮ್ಮೆ ಕೆಲಸಕ್ಕೆ ಹೊಸದಾಗಿ ಸೇರಿದ ಹೆಂಗಸಿಗೆ ನಾದಿನಿ ಅತ್ತಿಗೆಯನ್ನು ತೋರಿಸಿ, “ನೋಡಮ್ಮ, ಇವರ ಹಾಗೆ ಮೈಮರೀಬೇಡ,” ಎಂದಳು. ಅತ್ತಿಗೆ ಎಂದಿನಂತೆ ತಲೆಯಾಡಿಸಿದಳು.

ಆ ಸಂಜೆ ಪ್ರಾರ್ಥನೆಗೆ ಮಂಡಿಯೂರಿದಾಗ, ತಪ್ಪು ಮಾಡಿದವರನ್ನು ಕ್ಷಮಿಸುವ ಸಾಲನ್ನು ಅರ್ಧಕ್ಕೇ ನಿಲ್ಲಿಸಿದಳು. ತಪ್ಪನ್ನು ತಪ್ಪೆಂದು ಒಮ್ಮೆಯೂ ಬಾಯಿಬಿಟ್ಟು ಹೇಳದೆ ತಾನು ಕ್ಷಮಿಸಿದ್ದಾದರೂ ಏನನ್ನು? ತಾಳ್ಮೆ ಎಂದು ಹೊದ್ದುಕೊಂಡಿದ್ದರ ಕೆಳಗೆ, ಕೆಲಸ ಹೋದೀತೆಂಬ ಹೆದರಿಕೆ ಮುದುರಿಕೊಂಡು ಕೂತಿತ್ತು. ಬಿರಿದ ಕೈಗಳನ್ನು ದೇವರಿಗೆ ತೋರಿಸಿ ಪುಣ್ಯ ಕೇಳುತ್ತಿದ್ದುದಕ್ಕೆ ಅವಳಿಗೇ ನಾಚಿಕೆಯಾಯಿತು.

ಮರುದಿನ ತೊಟ್ಟಿಯ ಬಳಿ ಬಂದ ನಾದಿನಿಗೆ ಹೇಳಿದಳು: “ಆ ಕೋಟುಗಳನ್ನ ತುರುಕಿದ್ದು ನೀನು.”

“ಯಾವ ಕಾಲದ್ದು ಅದು? ಈಗ್ಯಾಕೆ?”

“ನಾನು ನಿನ್ನನ್ನ ಕ್ಷಮಿಸಬೇಕು. ಯಾತಕ್ಕೆ ಅಂತ ನಿನಗೂ ಗೊತ್ತಿರ್ಲಿ. ಸಾಹೇಬರ ಹತ್ರ ದೂರು ಒಯ್ಯಲ್ಲ. ಆದ್ರೆ ನೀನು ಹೇಳೋ ಸುಳ್ಳಿಗೆ ಇನ್ನು ತಲೆಯಾಡಿಸಲ್ಲ.”

ನಾದಿನಿ ಸುತ್ತ ನೋಡಿದಳು. ಎಲ್ಲ ಕೇಳಿಸಿಕೊಂಡಿದ್ದ ಇಸ್ತ್ರಿಯವನು ತಲೆ ತಗ್ಗಿಸಿ, ಆಗಲೇ ಗರಿಗರಿಯಾಗಿದ್ದ ಕೋಟಿನ ತೋಳನ್ನೇ ಮತ್ತೆ ತೀಡತೊಡಗಿದ. ಅತ್ತಿಗೆಯ ಪರವಾಗಿ ಅವನು ಉಸಿರೆತ್ತುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಾಯಿತು. ಆದರೂ ನಾದಿನಿಯ ದನಿ ಮೆತ್ತಗಾಯಿತು.

“ಕೈ ನೋಡಿ ಹೇಗಾಗಿದೆ. ನಾಳೆಯಿಂದ ಮಡಿಸೋ ಮೇಜಿಗೇ ಬನ್ನಿ ಅತ್ತಿಗೆ, ಬೆಚ್ಚಗೆ ಕೂತ್ಕೊಳ್ಳಿ. ಹಳೇದೆಲ್ಲ ಕೆದಕೋದು ಬೇಡ, ಅಷ್ಟೇ.”

ಆ ಬಿಸಿ ಬಟ್ಟೆಗಳ ನೆನಪಿಗೇ ಅವಳ ಬೆರಳುಗಳು ಹಂಬಲಿಸಿದವು.

“ಬೇಡ ಕಣೆ,” ಎಂದು ಕೈಗಳನ್ನು ನೀರಿಗಿಳಿಸಿದಳು. “ನನಗೆ ತೊಟ್ಟಿಯೇ ಇರ್ಲಿ.”