ಅಮ್ಮನ ಗಂಟಲೊಳಗಿನ ಎಳೆಗಳು

ಅಮ್ಮನ ಕುತ್ತಿಗೆಯಲ್ಲಿ ಗಳಗಂಡದ ಗಂಟು ಬೆಳೆದು ಉಗುಳು ನುಂಗುವುದೂ ಕಷ್ಟವಾದಾಗ ಡಾಕ್ಟರು ಆಪರೇಷನ್ ಆಗಲೇಬೇಕು ಎಂದರು. ಎಂಬತ್ತರ ದಶಕದ ಮೊದಲ ವರ್ಷಗಳವು. ನಾನು ಸಾಗರದಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತಿದ್ದೆ. ಯಾರು ಏನು ಕೇಳಿದರೂ ಪಾಠ ಶುರುಮಾಡುವ ಚಾಳಿ ಮನೆಯಲ್ಲೂ ಬಿಟ್ಟಿರಲಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೆಗೆದ ಥೈರಾಯ್ಡ್ ಜೀವಕೋಶದ ಚಿತ್ರವಿದ್ದ ಪುಸ್ತಕವನ್ನು ಅವಳ ಮುಂದೆ ಹಿಡಿದೆ.

"ಇದೆಂತದಾ ಮಾರಾಯ, ಜೇಡ ಕಟ್ಟಿದ ಮೂಲೆ ಇದ್ದಂಗಿದೆ!" ಎಂದಳು.

ಕೋಶ ಕುಸಿಯದಂತೆ ಹಿಡಿದಿರುವ ಎಳೆಗಳವು, ಹಾರ್ಮೋನು ಹೊರಬರಲೂ ಅವುಗಳ ನೆರವು ಬೇಕು, ಎಳೆ ಕೆಟ್ಟರೆ ಮಾಡಿಟ್ಟದ್ದು ಒಳಗೇ ಉಳಿಯುತ್ತದೆ ಎಂದು ವಿವರಿಸಿದೆ.

ಅಮ್ಮ ಪುಸ್ತಕ ಮುಚ್ಚಿದಳು. "ಹಂಗಾರೆ ನನ್ನ ಹಾಡೂ ಒಳಗೇ ಉಳ್ದುಬಿಟ್ರೆ ಎಂತ ಮಾಡ್ಲಿ?"

ದನಿಯ ನರ ಥೈರಾಯ್ಡ್ ಗ್ರಂಥಿಯ ಬೆನ್ನಿಗೇ ಇದೆ, ಪೆಟ್ಟಾಗಬಹುದು ಎಂದು ಡಾಕ್ಟರು ಹೇಳಿದ್ದರು. ನಮ್ಮ ಕಡೆ ಮದುಮಕ್ಕಳನ್ನು ಹಸೆಗೆ, ಅಂದರೆ ಅಲಂಕರಿಸಿದ ಮಣೆಗೆ, ಹಾಡಿಯೇ ಕರೆಯಬೇಕು. ಒಬ್ಬಳು ಎತ್ತಿಕೊಡುತ್ತಾಳೆ, ಉಳಿದವರು ಅದನ್ನೇ ತಿರುಗಿ ಹಾಡುತ್ತಾರೆ. ಎತ್ತಿಕೊಡುವವಳು ಯಾವಾಗಲೂ ಅಮ್ಮ. ಆಸ್ಪತ್ರೆಗೆ ಹೋಗುವ ಮುನ್ನ ನನ್ನ ಹೆಂಡತಿಯನ್ನು ಕೂರಿಸಿಕೊಂಡು ತನಗೆ ಗೊತ್ತಿದ್ದ ಹಾಡನ್ನೆಲ್ಲ ಹೇಳಿಕೊಟ್ಟಳು. ತಪ್ಪಿದರೆ ಗದರುವಳು, ಆಮೇಲೆ ತಲೆ ಸವರುವಳು.

ಗಂಟು ಹೋಯಿತು. ದನಿ ಉಳಿಯಿತು, ಆದರೆ ಒಡೆದ ದನಿ, ಮೇಲಕ್ಕೆ ಏರುತ್ತಲೇ ಇರಲಿಲ್ಲ. ಅಮ್ಮ ಹಾಡುವುದನ್ನೇ ಬಿಟ್ಟಳು. ನನಗೆ ಡಾಕ್ಟರ ಮೇಲೆ, ನನ್ನ ಪುಸ್ತಕದ ಮೇಲೆ, ಕಂಡದ್ದೆಲ್ಲದರ ಮೇಲೂ ಸಿಟ್ಟು.

ಮುಂದಿನ ಬೇಸಿಗೆಯಲ್ಲಿ ಬ್ಯಾಕೋಡಿನಲ್ಲಿ ತಂಗಿಯ ಮಗಳ ಮದುವೆ. ಅಮ್ಮ ಹೆಂಗಸರ ಹಿಂದೆ, ಗೋಡೆಗೆ ಒರಗಿ ಕೂತಳು. ನನ್ನ ಹೆಂಡತಿ ಅಂಜುತ್ತಲೇ ಹಾಡೆತ್ತಿದಳು. ಮದುಮಗಳು ಒಳಕೋಣೆಯ ಬಾಗಿಲಲ್ಲೇ ನಿಂತುಬಿಟ್ಟಳು.

"ಅಮ್ಮಮ್ಮ ಕರೀದೆ ನಾನ್ ಬರಲ್ಲ" ಎಂದಳು.

"ನಿನ್ ಹಟಕ್ಕಿಷ್ಟು ಬೆಂಕಿಹಾಕ" ಎಂದು ಬೈಯುತ್ತ ಅಮ್ಮ ಎದ್ದು ಮುಂದೆ ಬಂದಳು. ಎತ್ತಿಕೊಟ್ಟ ಮೊದಲ ಸಾಲು ಬಾವಿಯ ತಳದಿಂದ ಬಂದಂತಿತ್ತು. ನಾನು ತಲೆ ತಗ್ಗಿಸಿದೆ. ಇನ್ನು ಉಳಿದವರು ಎಂದಿನ ಏರುದನಿಯಲ್ಲಿ ಹಾಡಿದರೆ ಅಮ್ಮ ಎರಡನೆಯ ಸಾಲಿಗೆ ಬಾಯಿ ತೆರೆಯುವುದಿಲ್ಲ ಎಂದು ಗೊತ್ತಿತ್ತು.

ಸದಾ ಮಾಡಿನ ಹೆಂಚು ಹಾರುವಂತೆ ಹಾಡುವ ನಮ್ಮ ಹೆಂಗಸರು, ಯಾರೂ ಯಾರಿಗೂ ಹೇಳದೆ, ಅಮ್ಮನಷ್ಟೇ ತಗ್ಗಿಸಿ ಅದೇ ಸಾಲನ್ನು ತಿರುಗಿ ಹಾಡಿದರು.