ಮಾರಕ್ಕ ನೋಡದ ನಾಟಕ

ನಾಟಕಕಾರ ಶ್ರೀನಿವಾಸಯ್ಯನವರ ಹೆಸರು ಕೇಳದವರು ಚಾಮರಾಜಪೇಟೆಯಲ್ಲಿ ಸಿಗುವುದು ಕಷ್ಟ. ಅವರ ಹೆಂಡತಿಯ ಹೆಸರೇನು ಅಂತ ಕೇಳಿ ನೋಡಿ, ಬೀದಿಗೆ ಬರುವ ತರಕಾರಿ ಗಾಡಿಯವನನ್ನು ಬಿಟ್ಟರೆ ಒಬ್ಬರೂ ಹೇಳುವುದಿಲ್ಲ. ಅಯ್ಯನವರ ನಾಟಕಗಳ ಮೇಲೆ ಪಿಎಚ್‌.ಡಿ. ಮಾಡಿದವರೇ ಮೂರು ಜನ ಇದ್ದಾರೆ. ಮೂವರೂ ಆ ಮನೆಗೆ ಬಂದು ಮಾರಕ್ಕ ಮಾಡಿಕೊಟ್ಟ ಕಾಫಿ ಕುಡಿದವರೇ. ಒಬ್ಬರಾದರೂ ಲೋಟ ಕೆಳಗಿಟ್ಟು, ನೀವೇನು ಮಾಡ್ತಿದ್ರಿ ಅಮ್ಮ ಅಂತ ಕೇಳಿದ್ದರೆ ಅವಳು ಹೇಳುತ್ತಿದ್ದಳು. ಕೇಳಲಿಲ್ಲ. ಓದಿದವರ ಕಥೆ ಇಷ್ಟೇ.

ಅವಳು ತರಗುಪೇಟೆಯ ಒಂದು ಮಂಡಿಯಲ್ಲಿ ಬೇಳೆಕಾಳು ಹಸನು ಮಾಡುತ್ತಿದ್ದಳು. ಬೆಳಿಗ್ಗೆ ಎಂಟಕ್ಕೆ ಹೋಗಿ ಸಾಲಾಗಿ ಕೂತರೆ, ಮೊರದಲ್ಲಿ ಕೇರಬೇಕು, ಜರಡಿ ಹಿಡಿಯಬೇಕು, ಕಲ್ಲು ಆರಿಸಬೇಕು. ಮೂಗಿಗೆ ದೂಳು ಹೋಗದ ಹಾಗೆ ಸೆರಗನ್ನು ಬಾಯಿಗೆ ಸುತ್ತಿಕೊಂಡಿರಬೇಕು. ಗಂಡ ಆಗ ಸರ್ಕಾರಿ ಕಚೇರಿಯಲ್ಲಿ ಜವಾನ. ಸಂಜೆ ಕೇರಿಯ ಹುಡುಗರನ್ನು ಸೇರಿಸಿಕೊಂಡು ನಾಟಕ ಕಟ್ಟುತ್ತಿದ್ದರು. ಮುಂದೆ ಆ ಹುಚ್ಚು ಹೆಚ್ಚಾಗಿ ನೌಕರಿಯನ್ನೇ ಬಿಟ್ಟರು. ಆಮೇಲೆ ಹದಿನೆಂಟು ವರ್ಷ ಆ ಮನೆಯ ಒಲೆ ಉರಿದದ್ದು ಮಾರಕ್ಕನ ಮೊರದಿಂದ.

ಬರೆದದ್ದನ್ನೆಲ್ಲ ಅವರು ಮೊದಲು ಓದಿ ಹೇಳುತ್ತಿದ್ದದ್ದು ಅವಳಿಗೇ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ, ಸಹಿ ಹಾಕುವುದನ್ನು ಮಾತ್ರ ಗಂಡನಿಂದ ಕಲಿತಿದ್ದಳು. ಆದರೆ ಮಾತಿನ ಕಿವಿ ಭಾರಿ ಚುರುಕು. ಸೊಪ್ಪು ಬಿಡಿಸುತ್ತಾ ಕೇಳಿಸಿಕೊಳ್ಳುತ್ತಿದ್ದವಳು ತಲೆ ಎತ್ತಿ, ಹಿಂಗೆ ಯಾರು ಮಾತಾಡ್ತಾರೆ, ನಿಮ್ಮ ಆಫೀಸಿನ ಸಾಹೇಬರಾ ಅಂದರೆ ಮುಗಿಯಿತು, ಅವರು ಅಲ್ಲೇ ಪೆನ್ನು ತೆಗೆದು ಹೊಡೆದು ಹಾಕುತ್ತಿದ್ದರು. ಅವರು ಬರೆದ ಹತ್ತೊಂಬತ್ತು ನಾಟಕದಲ್ಲಿ ಹದಿನೆಂಟು ಹೀಗೆ ಅವಳ ಕಿವಿ ದಾಟಿಯೇ ರಂಗಕ್ಕೆ ಹೋದವು. ದಾಟದೆ ಹೋದದ್ದು ಒಂದೇ ಒಂದು. ಹೆಸರು ಬಂದದ್ದೂ ಅದಕ್ಕೇ. ‘ಸೆರಗಿನ ಗಂಟು’.

ಆ ನಾಟಕದ ಹಿಂದೆ ಒಂದು ದಿನದ ಕಥೆ ಇದೆ.

ಮಂಡಿಯಲ್ಲಿ ಒಂದು ಪದ್ಧತಿ ಇತ್ತು. ದಿನದ ಕೊನೆಗೆ ನೆಲದ ಮೇಲೆ ಚೆಲ್ಲಿದ ಕಾಳನ್ನು ಗುಡಿಸಿದರೆ ಅದು ಹೆಂಗಸರದು, ದಿನಕ್ಕೊಬ್ಬರ ಸರದಿ. ರಾಶಿಯ ಕಾಳು ಮುಟ್ಟುವ ಹಾಗಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು ಗುಮಾಸ್ತನ ಎದುರಿಗೆ ಸೆರಗು ಕೊಡವಿ ಹೋಗಬೇಕು. ಆ ಸಲ ಮಾರಕ್ಕನ ಸರದಿಗೆ ಇನ್ನೂ ಮೂರು ದಿನ ಇತ್ತು. ಮನೆಯಲ್ಲಿ ಎರಡು ವರ್ಷದ ಮಗಳು ರಂಜಿನಿಗೆ ಆಗತಾನೆ ಜ್ವರ ಬಿಟ್ಟಿತ್ತು, ಬೇಳೆಕಟ್ಟು ಕುಡಿಸಬೇಕಿತ್ತು. ಮಾರಕ್ಕ ರಾಶಿಯಿಂದ ಒಂದು ಹಿಡಿ ತೊಗರಿಬೇಳೆಯನ್ನು ಬಟ್ಟೆಚೂರಿನಲ್ಲಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸಾಲು ಬಾಗಿಲ ಹತ್ತಿರ ಬಂದಾಗ ಧೈರ್ಯ ಸಾಲಲಿಲ್ಲ. ಗಂಟನ್ನು ಮೆಲ್ಲಗೆ ಮೂಟೆಯ ಸಂದಿಗೆ ಜಾರಿಸಿದಳು. ಗುಮಾಸ್ತನ ಕಣ್ಣಿಗೆ ಬಿದ್ದೇಬಿಟ್ಟಿತು.

ಯಾರದಿದು ಅಂತ ಕೇಳಿದ. ಹನ್ನೊಂದು ಹೆಂಗಸರೂ ನೆಲ ನೋಡಿದರು. ಅವನು ಉಳಿದವರನ್ನೆಲ್ಲ ಬಿಟ್ಟು ನೇರ ಮಾರಕ್ಕನನ್ನೇ ನೋಡಿದ. ಅವಳು ಯಾವ ಕೇರಿಯವಳು ಅಂತ ಅವನಿಗೆ ಗೊತ್ತಿತ್ತಲ್ಲ, ಅವನಿಗೆ ಬೇರೆ ಸಾಕ್ಷಿ ಯಾಕೆ ಬೇಕು?

ಅಷ್ಟರಲ್ಲಿ ಪಕ್ಕದಲ್ಲಿದ್ದ ಪಿಳ್ಳಮ್ಮ ಹೇಳಿದಳು: "ನಂದು."

ಪಿಳ್ಳಮ್ಮ ಮಾಗಡಿ ಕಡೆಯ ಒಕ್ಕಲು ಮನೆಯವಳು, ಮಾರಕ್ಕನಿಗಿಂತ ಐದು ವರ್ಷ ದೊಡ್ಡವಳು. ಕೆಲಸಕ್ಕೆ ಸೇರಿದ ಮೊದಲ ದಿನವೇ ತನ್ನ ತಂಬಿಗೆಯನ್ನು ಮಾರಕ್ಕನ ಕೈಗೆ ಕೊಟ್ಟು, ಅವಳು ಕುಡಿದ ಮೇಲೆ ಅದರಲ್ಲೇ ತಾನೂ ಕುಡಿದವಳು. ತನ್ನ ಜಾತಿ ನೋಡಿ ಬೈದು ಬಿಟ್ಟುಬಿಡುತ್ತಾರೆ ಅಂದುಕೊಂಡಿದ್ದಳೋ ಏನೋ. ಬಿಡಲಿಲ್ಲ. ನಾಳೆಯಿಂದ ಬರಬೇಡ ಅಂದರು. ಪಿಳ್ಳಮ್ಮ ಯಾರ ಮುಂದೂ ಗೋಗರೆಯಲಿಲ್ಲ. ತನ್ನ ಮೊರ ಎತ್ತಿಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು ನಡೆದುಹೋದಳು.

ಮಾರಕ್ಕ ಮನೆಗೆ ಹೋದದ್ದು ಗಂಡನಿಗೆ ಎಲ್ಲ ಹೇಳಿಬಿಡಬೇಕು ಅಂತಲೇ. ಮಂಡಿಯಲ್ಲಿ ಕಳ್ಳತನ ಸಿಕ್ಕಿತು ಅಂತ ಶುರು ಮಾಡಿದಳಷ್ಟೆ, ಅವರು ಮಧ್ಯಕ್ಕೇ ಬಾಯಿ ಹಾಕಿದರು. "ನಮ್ಮೋರ ಮೇಲೆ ಹೊರಿಸೋಕೆ ಕಾಯ್ತಿರ್ತಾರೆ. ನನ್ನ ಹೆಂಡ್ತಿ ಇವತ್ತಿನವರೆಗೂ ಒಂದು ಕಾಳು ಮುಟ್ಟಿಲ್ಲ ಅಂತ ಎದೆ ತಟ್ಟಿ ಹೇಳ್ತೀನಿ." ಆ ಎದೆಯ ಮುಂದೆ ಮಾರಕ್ಕನ ಬಾಯಿ ಕಟ್ಟಿತು. ಪಿಳ್ಳಕ್ಕ ಕದ್ದಳಂತೆ, ಕೆಲಸ ಹೋಯಿತು ಅಂದಳು. ಆಮೇಲೆ ಏನು ಮಾಡಿದಳು ಅಂತ ಅವರು ಕೆದಕಿದಾಗ, ಏನೋ ಒಂದು ಹೇಳಿ ತಪ್ಪಿಸಿಕೊಳ್ಳಲು, ಮಂಡಿ ಸಾಹುಕಾರರ ಕಾಲಿಗೆ ಬಿದ್ದಳು ಅಂದುಬಿಟ್ಟಳು.

ಅಯ್ಯನವರ ಮನಸ್ಸಿಗೆ ಅದು ನಾಟಿತು. ಗೆಳತಿಯ ಕಥೆ, ಬೇಡ ಅಂದಾಳು ಅಂತ ಹೆಂಡತಿಗೂ ಓದಿ ಹೇಳದೆ ಆರು ತಿಂಗಳು ಗುಟ್ಟಾಗಿ ಬರೆದರು. ಬಟ್ಟೆಚೂರಿನ ಗಂಟು ಸೆರಗಿನ ಗಂಟಾಯಿತು. ಕಡೆಯ ದೃಶ್ಯದಲ್ಲಿ ಆ ಹೆಣ್ಣು ಸಾಹುಕಾರನ ಕಾಲು ಹಿಡಿದು ಅಳುತ್ತಾಳೆ. ಮೊದಲ ಪ್ರದರ್ಶನದ ದಿನ ಮಾರಕ್ಕ ಮಗುವನ್ನು ಬಿಟ್ಟು ಹೋಗಲಾಗಲಿಲ್ಲ. ಮಾರನೇ ದಿನ ನಲ್ಲಿಯ ಹತ್ತಿರ ನೆರೆಯವರು, ನಿನ್ನ ಗಂಡ ಪಿಳ್ಳಮ್ಮನ ಕಥೆ ಆಡಿಸಿದ್ದಾನೆ ಕಣೆ ಅಂದಾಗಲೇ ಅವಳಿಗೆ ಗೊತ್ತಾದದ್ದು. ಕೊಡ ತುಂಬಿ ಹರಿಯುತ್ತಿದ್ದರೂ ಅವಳು ನಿಂತೇ ಇದ್ದಳು.

ವಾರದೊಳಗೆ ಪಿಳ್ಳಮ್ಮ ಬಂದಳು. ಒಳಗೆ ಕಾಲಿಡಲಿಲ್ಲ. "ಮಾರಿ, ಕೆಲಸ ಹೋಯ್ತು, ಹೋಗ್ಲಿ. ನಾನು ಕಾಲಿಗೆ ಬಿದ್ದೆ ಅಂತ ಹೇಳಿದೋರು ಯಾರು?"

ಮಾರಕ್ಕ ಬಾಯಿ ಬಿಡಲಿಲ್ಲ. ಪಿಳ್ಳಮ್ಮ ಸ್ವಲ್ಪ ಹೊತ್ತು ಕಾದು ಹೊರಟುಹೋದಳು. ಅದಾಗಿ ನಲವತ್ತೈದು ವರ್ಷ.

ಈ ನಲವತ್ತೈದು ವರ್ಷದಲ್ಲಿ ‘ಸೆರಗಿನ ಗಂಟು’ ಎಷ್ಟು ಊರಲ್ಲಿ ಆಯಿತೋ, ಯಾವ ಯಾವ ಕಾಲೇಜಿಗೆ ಪಾಠವಾಯಿತೋ ಲೆಕ್ಕ ಇಟ್ಟವರಿಲ್ಲ. ಮಾರಕ್ಕ ಒಂದು ಸಲವೂ ನೋಡಲಿಲ್ಲ. ತಲೆನೋವು ಅಂದಳು, ನೆಂಟರು ಬರ್ತಾರೆ ಅಂದಳು. ಪಾಪ, ಓದುಬರಹ ಇಲ್ಲದವಳು, ನಾಟಕ ಏನು ತಿಳಿದೀತು ಅಂತ ಜನ ತಾವೇ ತೀರ್ಮಾನ ಮಾಡಿಕೊಂಡರು. ಮಾಡಿಕೊಳ್ಳಲಿ ಬಿಡು ಅಂತ ಅವಳೂ ಸುಮ್ಮನಾದಳು. ನಾಲ್ಕು ವರ್ಷದ ಹಿಂದೆ ಅಯ್ಯನವರು ತೀರಿಕೊಂಡರು. ಅವರಿಗೂ ಅವಳು ಹೇಳಿರಲಿಲ್ಲ.

ಹೋದ ತಿಂಗಳು ಕೇದಾರ್ ಅಂತ ಒಬ್ಬ ನಿರ್ದೇಶಕ ಮನೆಗೆ ಬಂದ. ನಾಟಕವನ್ನು ಮತ್ತೆ ಆಡಿಸುತ್ತಾನಂತೆ, ಶುರುವಿಗೆ ಮಾರಕ್ಕನಿಗೆ ಸನ್ಮಾನವಂತೆ. ಅಯ್ಯನವರು ಇಲ್ಲದ್ದರಿಂದ ಹಕ್ಕು ಹೆಂಡತಿಯದು, ಒಪ್ಪಿಗೆ ಪತ್ರಕ್ಕೆ ಅವಳ ಸಹಿ ಬೇಕು. ಮಗಳು ರಂಜಿನಿ ಪೆನ್ನಿನ ಕ್ಯಾಪ್ ತೆಗೆದು ಅಮ್ಮನ ಕೈಗೆ ಕೊಟ್ಟಳು.

"ಆ ಹೆಣ್ಣು ಕಾಲಿಗೆ ಬೀಳೋದು ತೆಗೆದ್ರೆ ಹಾಕ್ತೀನಿ" ಅಂದಳು ಮಾರಕ್ಕ.

ಕೇದಾರ್ ತಮಾಷೆ ಅಂದುಕೊಂಡು ನಕ್ಕ. ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದ. ಜನ ಅಳೋದೇ ಅಲ್ಲಿ, ಸರ್ ಬರೆದದ್ದನ್ನು ತಿದ್ದೋಕೆ ನಾನ್ಯಾರು ಅಂತ ವಿನಯದಿಂದಲೇ ಕೇಳಿದ.

"ಅವಳು ಬೀಳಲಿಲ್ಲ ಕಣಪ್ಪ. ನಾನು ಅಲ್ಲೇ ಇದ್ದೆ. ಕದ್ದೋಳೂ ನಾನೇ."

ಅಷ್ಟು ವರ್ಷ ಹೊರಗೆ ಬಾರದ್ದು ಒಂದು ಲೋಟ ಕಾಫಿ ಆರುವಷ್ಟರಲ್ಲಿ ಬಂದುಬಿಟ್ಟಿತು. ಯಾರೂ ಕೇಳದಿದ್ದ ಮೇಲೆ ತಾನೇ ಹೇಳಬೇಕಾಯಿತು. ಕೇದಾರ್ ಯೋಚಿಸಿ ಹೇಳ್ತೀನಿ ಅಂತ ಎದ್ದ. ರಂಜಿನಿಗೆ ಸಿಟ್ಟು ನೆತ್ತಿಗೇರಿತು. ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿರುವವಳು, ಅಪ್ಪನ ಹೆಸರು ಹೇಳಿಕೊಂಡು ತಲೆ ಎತ್ತಿ ಓಡಾಡುವವಳು. ಕೇದಾರ್ ಹೋದಮೇಲೆ, ಸನ್ಮಾನದ ದಿನ ಎಲ್ಲರೆದುರೂ ಹೇಳ್ತೀನಿ ಅಂದ ಅಮ್ಮನನ್ನು ತರಾಟೆಗೆ ತೆಗೆದುಕೊಂಡಳು. "ಅಪ್ಪ ನಮ್ಮ ಜನಕ್ಕೆ ಮರ್ಯಾದೆ ಕಲಿಸಿದೋರು. ನೀನು ಸ್ಟೇಜ್ ಹತ್ತಿ ನಾನು ಕಳ್ಳಿ ಅಂತೀಯಾ? ಸಾಯಂಕಾಲದೊಳಗೆ ಮೊಬೈಲ್‌ನಲ್ಲಿ ಏನೇನು ಬರೀತಾರೆ ಗೊತ್ತಾ ನಿಂಗೆ?" ಅಪ್ಪನ ನಾಟಕವೇ ಸುಳ್ಳು ಅಂದಹಾಗಾಗುತ್ತೆ, ಗುಮಾಸ್ತನ ಅನುಮಾನವೇ ನಿಜ ಆಗುತ್ತೆ ಅಂತ ಕಣ್ಣಲ್ಲಿ ನೀರು ತಂದುಕೊಂಡಳು. ಆ ಬೇಳೆ ಯಾರಿಗೆ ಬೇಕಿತ್ತು ಅಂತ ಅವಳು ಕೇಳಲಿಲ್ಲ. ಮಾರಕ್ಕನೂ ಹೇಳಲಿಲ್ಲ.

ಪಿಳ್ಳಕ್ಕನನ್ನು ಕೇಳದೆ ಸಹಿ ಇಲ್ಲ ಅಂತ ಮಾತ್ರ ಹಟ ಹಿಡಿದಳು.

ಪಿಳ್ಳಮ್ಮ ತ್ಯಾಗರಾಜನಗರದಲ್ಲಿ ಮಗನ ಮನೆಯಲ್ಲಿದ್ದಾಳೆ ಅಂತ ಅವಳಿಗೆ ಎಂದೋ ಗೊತ್ತಿತ್ತು. ಮೂರು ಸಲ ಆ ಬೀದಿಯ ತಿರುವಿನವರೆಗೆ ಹೋಗಿ ಹಿಂದಕ್ಕೆ ಬಂದಿದ್ದಳು. ಈ ಸಲ ರಂಜಿನಿ ಆಟೋದಲ್ಲಿ ಕರೆದುಕೊಂಡು ಹೋದಳು, ದಾರಿಯುದ್ದಕ್ಕೂ ಮುಖ ಅತ್ತ ತಿರುಗಿಸಿಕೊಂಡು. ಪಿಳ್ಳಮ್ಮ ಕಾಂಪೌಂಡಿನೊಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಊದಿದ ಕಾಲು ನೀಡಿ ಬಿಸಿಲಿಗೆ ಕೂತಿದ್ದಳು. ಮೊಮ್ಮಗಳು ತೇಜಶ್ರೀ ಎಣ್ಣೆ ಹಚ್ಚುತ್ತಿದ್ದಳು.

"ಯಾರದು?"

"ನಾನಕ್ಕ. ಮಾರಿ."

"ಯಾವ ಮಾರಿ? ಬೀದಿಗೊಬ್ಬಳು ಮಾರಿ ಇದ್ದಾಳೆ."

ಮಾರಕ್ಕ ಗೇಟಿನ ಹತ್ತಿರವೇ ನಿಂತಳು. ಪಿಳ್ಳಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ನಿನ್ನ ಗಂಡ ಸತ್ತಾಗ ನಿನ್ನನ್ನ ಟಿವಿಯಲ್ಲಿ ನೋಡಿದೆ, ನೀನು ಸೊರಗಿದ್ದೆ ಅಂದಳು. ಈ ಹುಡುಗಿಗೆ ಕಾಲೇಜಲ್ಲಿ ಅದೇ ನಾಟಕ ಪಾಠ ಅಂತ ಮೊಮ್ಮಗಳ ಕಡೆ ಗದ್ದ ತೋರಿಸಿದಳು. ಕಾಲು ಹಿಡಿಯೋ ಹೆಣ್ಣಿನ ಪಾರ್ಟು ಇವಳೇ ಮಾಡಿದಳು, ಬಹುಮಾನವೂ ಬಂತು, ನಾನೂ ಹಾಲ್‌ನಲ್ಲಿ ಕೂತು ಚಪ್ಪಾಳೆ ಹೊಡೆದೆ. ಇದನ್ನೆಲ್ಲ ಬೇರೆ ಯಾರದೋ ಮನೆಯ ಸುದ್ದಿ ಹೇಳಿದ ಹಾಗೆ ಹೇಳಿದಳು. ತೇಜಶ್ರೀಗೆ ತಲೆಬುಡ ಅರ್ಥವಾಗದೆ ಎಣ್ಣೆಯ ಕೈ ಹಾಗೇ ನಿಂತಿತು.

ಎಲ್ಲ ಹೇಳಿಬಿಡ್ತೀನಿ ಅಕ್ಕ, ಅದಕ್ಕೇ ಬಂದೆ ಅಂದಳು ಮಾರಕ್ಕ.

"ಗಂಡನಿಗೆ ಹೇಳಿದ್ಯಾ?"

"ಇಲ್ಲ."

"ಮಗ್ಗುಲಲ್ಲಿ ಮಲಗ್ತಿದ್ದೋನಿಗೆ ಹೇಳಲಿಲ್ಲ, ಇನ್ನು ಊರಿಗೆ ಹೇಳ್ತೀಯಾ?" ಪಿಳ್ಳಮ್ಮ ಕಾಲು ಮಡಿಸಿಕೊಂಡಳು. "ಕದ್ದೆ ಅಂತ ನಾನು ನಿನ್ನ ಬಿಟ್ಟೋಳಲ್ಲ ಕಣೆ. ಹೊಟ್ಟೆ ಯಾರಿಗಿಲ್ಲ? ಬಾಗಿಲಿಗೆ ಬಂದು ಕೇಳ್ದೆ. ಆಗ ನೀನು ಬಾಯಿ ಬಿಡಲಿಲ್ಲ."

"ಈಗ ಬಿಡ್ತೀನಿ ಅಕ್ಕ."

"ನನ್ನ ಹತ್ರ ಬಿಟ್ಟು ಏನು ಬಂತು? ನನಗೆ ಗೊತ್ತಿರೋದೇ. ಗೊತ್ತಿಲ್ದೋರ ಹತ್ರ ಬಿಡು, ಹೋಗು."

ಕೂತ್ಕೋ ಅನ್ನಲಿಲ್ಲ, ನೀರು ಬೇಕಾ ಅಂತಲೂ ಕೇಳಲಿಲ್ಲ. ಮಾರಕ್ಕ ಬಂದ ಆಟೋದಲ್ಲೇ ವಾಪಸಾದಳು. ಅಂದು ಸಂಜೆ ಕೇದಾರ್‌ಗೆ ಫೋನ್ ಮಾಡಿಸಿದಳು. ಅವನೂ ಎರಡು ದಿನ ಯೋಚಿಸಿದ್ದನಂತೆ. ಮಾತು ಒಂದನ್ನೂ ಮುಟ್ಟುವುದಿಲ್ಲ, ನಟಿ ಬೀಳುವ ಬದಲು ನಿಂತೇ ಆ ಮಾತು ಹೇಳಲಿ, ಅಷ್ಟು ನನ್ನ ಕೈಲಿದೆ ಅಂದ. ಮಾರಕ್ಕ ಸಹಿ ಹಾಕಿದಳು.

ಪ್ರದರ್ಶನದ ಸಂಜೆ ಹಾಲ್ ತುಂಬಿತ್ತು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಅಯ್ಯನವರ ಹಿಂದಿನ ಶಕ್ತಿ ಅಂತ ಯಾರೋ ಒಬ್ಬರು ಭಾಷಣ ಉದ್ದಕ್ಕೆ ಎಳೆದರು. ಎರಡು ಮಾತಾಡಿ ಅಮ್ಮ ಅಂತ ಮೈಕ್ ಕೊಟ್ಟರು, ನಮಸ್ಕಾರ ಅಂತ ಹೇಳಿ ಕೂತುಬಿಡ್ತಾಳೆ ಅನ್ನುವ ಧೈರ್ಯದ ಮೇಲೆ.

"ನಾನು ಮಂಡೀಲಿ ಕಾಳು ಹಸನು ಮಾಡ್ತಿದ್ದೆ" ಅಂತ ಶುರು ಮಾಡಿದಳು. "ನೀವು ಈಗ ನೋಡೋ ನಾಟಕದಲ್ಲಿ ಬೇಳೆ ಕದ್ದೋಳು ನಾನು. ನನ್ನ ಉಳಿಸೋಕೆ ತಪ್ಪು ಹೊತ್ತೋಳು ಪಿಳ್ಳಮ್ಮ. ಅವಳು ಯಾರ ಕಾಲಿಗೂ ಬೀಳಲಿಲ್ಲ. ನಮ್ಮ ಯಜಮಾನರಿಗೆ ನಾನೇ ಸುಳ್ಳು ಹೇಳಿದ್ದೆ. ಅವರ ತಪ್ಪಿಲ್ಲ."

ಮುಂದಿನ ಸಾಲಿನಿಂದ ಒಬ್ಬ ದೊಡ್ಡ ಮನುಷ್ಯರು ಎದ್ದು ಹೊರಗೆ ಹೋದರು. ಹೋಗಲಿ, ಅವರಿಂದ ಯಾರ ಮನೆಯ ಒಲೆಯೂ ಉರಿದಿರಲಿಲ್ಲ. ಚಪ್ಪಾಳೆ ಹೊಡೆಯಬೇಕೋ ಬೇಡವೋ ಅಂತ ಉಳಿದವರಿಗೆ ಗೊತ್ತಾಗಲಿಲ್ಲ. ಮಾರಕ್ಕ ಇಳಿಯಲು ಬಂದಾಗ ರಂಜಿನಿ ಮೆಟ್ಟಿಲ ಕೆಳಗೆ ನಿಂತಿದ್ದಳು. ಕೈ ಹಿಡಿದುಕೊಂಡು, ಕಾಲು ನೋಡಿ ಇಡು ಅಂದಳು, ಅಷ್ಟೇ.

ಅವತ್ತು ಮಾರಕ್ಕ ನಾಟಕ ನೋಡಿದಳು. ಕದ್ದ ಹೆಣ್ಣಿನ ಪರವಾಗಿ ಅವರು ಬರೆದಿದ್ದ ಒಂದೊಂದು ಮಾತೂ ಕೇಳಿದಳು. ಅವಳ ಹಸಿವನ್ನು ಅವರು ಬೈದಿರಲಿಲ್ಲ, ಕದ್ದ ಕೈಯನ್ನು ಕೀಳು ಮಾಡಿರಲಿಲ್ಲ, ಸಾಹುಕಾರನಿಗೆ ಮಾತ್ರ ಬೆವರಿಳಿಸಿದ್ದರು. ಎದೆ ತಟ್ಟಿಕೊಂಡ ಆ ಮನುಷ್ಯನ ಒಳಗೆ ಕದ್ದವಳಿಗೆ ಇಷ್ಟು ಜಾಗ ಇತ್ತು ಅಂತ ಗೊತ್ತಿದ್ದರೆ ಅವತ್ತೇ ಹೇಳಿಬಿಡುತ್ತಿದ್ದಳು. ಒಂದು ಸಲ ಬಂದು ನೋಡಿದ್ದರೂ ಸಾಕಿತ್ತು. ಸೆರಗಿನಿಂದ ಮುಖ ಒರೆಸಿಕೊಂಡಳು. ರಂಗದ ಮೇಲೆ ನಟಿ ನೆಟ್ಟಗೆ ನಿಂತು ಕಡೆಯ ಮಾತು ಹೇಳಿದಳು.

ಮುಗಿದಮೇಲೆ ಜನದ ಮಧ್ಯೆ ದಾರಿ ಮಾಡಿಕೊಂಡು ತೇಜಶ್ರೀ ಬಂದಳು. ಅಜ್ಜಿ ಕಳಿಸಿದರು, ನೀವು ನಿಜ ಹೇಳಿದರೆ ಮಾತ್ರ ಮಾತಾಡಿಸು, ಹೇಳದಿದ್ದರೆ ಸುಮ್ಮನೆ ಎದ್ದು ಬಾ ಅಂದಿದ್ದರು ಅಂದಳು.

"ಭಾನುವಾರ ಬರಬೇಕಂತೆ. ಒಬ್ರೇ ಬರಬೇಕಂತೆ."

"ಭಾನುವಾರ ಯಾಕೆ, ನಾಳೇನೇ ಬರ್ತೀನಿ ಅನ್ನಮ್ಮ."

ಹುಡುಗಿಗೆ ನಗು ತಡೆಯಲಾಗಲಿಲ್ಲ. "ಹಂಗೇ ಅಂತಾಳೆ ನೋಡು, ನಾಳೆ ಬಂದ್ರೆ ಗೇಟು ತೆಗೆಯಲ್ಲ ಅಂತ ಹೇಳು ಅಂದ್ರು."

ಅವತ್ತು ಗುರುವಾರ. ಮಾರಕ್ಕ ಮೂರು ದಿನ ಕಾದಳು.